ಮೇಲೇಳದ ಮುಳ್ಳು

ಜಯಮ್ಮನ ಬಲಗೈಯ ಚರ್ಮ, ಕುತ್ತಿಗೆಯ ಒಂದು ಪಕ್ಕ — ನನ್ನ ಒಂದು ವ್ಯಾಪಾರದ ಬೆಲೆ ಅದು. ತೆತ್ತವಳು ಅವಳು. ಕಾರಣ ನಾನು: ಎಂಜಿನ್ನಿನ ಬಿಸಿ ತೋರಿಸುವ ಮುಳ್ಳಿನ ವೈರು ಕಿತ್ತು, ಕುದಿಯುವ ಗಾಡಿಯನ್ನು ಒಳ್ಳೆಯದೆಂದು ಮಾರಿದೆ.

ಮದ್ದೂರಿನಲ್ಲಿ ಹಳೆಯ ಗೂಡ್ಸ್ ಗಾಡಿ ಕೊಂಡು, ರಿಪೇರಿ ಮಾಡಿಸಿ ಮಾರುವುದು ನನ್ನ ಕಸುಬು. ಕ್ಲೀನರ್ ಆಗಿ ಶುರುಮಾಡಿ ಸ್ವಂತ ಶೆಡ್ಡು ಕಟ್ಟಿದವನು. ಚೌಕಾಸಿಯಲ್ಲಿ ನನ್ನನ್ನು ಗೆದ್ದವರು ಕಡಿಮೆ. ಆ ಗಾಡಿಯ ಸಿಲಿಂಡರ್ ಹೆಡ್ಡು ಬಿರುಕು ಬಿಟ್ಟಿತ್ತು. ಬೇರೆ ಹೆಡ್ಡು ಕೂರಿಸಿದೆವು. ಆದರೂ ದೂರ ಓಡಿದರೆ ಕುದಿಯುತ್ತಿತ್ತು. ನೀರಿನ ದಾರಿಯಲ್ಲಿ ನಿಂತ ಗಾಳಿ ತೆಗೆದೆವು, ಥರ್ಮೋಸ್ಟಾಟ್ ಬದಲಿಸಿದೆವು, ಫ್ಯಾನು ನೋಡಿದೆವು. ರೇಡಿಯೇಟರಿನಲ್ಲಿ ಗುಳ್ಳೆ ಏಳುವುದು ನಿಲ್ಲಲಿಲ್ಲ.

"ಹೆಡ್ಡಿನಡೀಲಿ ಗ್ಯಾಸ್ಕೆಟ್ ಸರ್ಯಾಗಿ ಕೂತಿಲ್ಲ ಕಣಣ್ಣ. ಹೆಡ್ಡು ಮತ್ತೆ ಬಿಚ್ಬುಡವ," ಎಂದ ಮೆಕ್ಯಾನಿಕ್ ನಾಗ.

"ಸುಮ್ಕಿರ್ಲಾ. ನಾಳೆ ಗಿರಾಕಿ ಬತ್ತಾವ್ಳೆ."

ಅವನು ಊಟಕ್ಕೆ ಹೋದಾಗ ವೈರು ಕಿತ್ತೆ.

ಜಯಮ್ಮ ದುದ್ದದವಳು, ಎಳನೀರು ಸಾಗಿಸಲು ತಾನೇ ಗಾಡಿ ಓಡಿಸುವವಳು. ಚೌಕಾಸಿಯ ಕೊನೆಗೆ ಒಂದೇ ಪಟ್ಟು ಹಿಡಿದಳು: ಗಾಡಿ ಮೊದಲ ಸಲ ದೇವರಿಗೆ ಹೋಗುವಾಗ ಮಾರಿದವನೂ ಜೊತೆಗೆ ಕೂರಬೇಕು. ಇಲ್ಲ ಎನ್ನಲಾಗಲಿಲ್ಲ — ಎಂದರೆ ಅನುಮಾನ ಬರುತ್ತಿತ್ತು. ಭಾರವಿಲ್ಲದ ಗಾಡಿ, ಹೇಗೋ ತಡೆದೀತು ಎಂದುಕೊಂಡೆ. ಚಕ್ರದಡಿ ನಿಂಬೆಹಣ್ಣು ಒಡೆದು ಶಿವನಸಮುದ್ರದ ಕಡೆ ಹೊರಟೆವು.

ಮಳವಳ್ಳಿ ಮುಟ್ಟುವ ಮೊದಲೇ ಕಾಲಡಿ ಕಾವು. ಆಮೇಲೆ ವಾಸನೆ.

"ಯಾಕಣ್ಣ ಇಂಗ್ ಬೆವೀತಿದ್ದೀಯ? ನಾನ್ ಓಡ್ಸೋದ್ ನೋಡಿ ಜೀವ ಓಯ್ತಾ?" ಎಂದು ನಕ್ಕಳು.

"ನಿಲ್ಸಮ್ಮ," ಎಂದೆ. ಅಷ್ಟೇ ಬಂದದ್ದು.

ಇಳಿದು ರೇಡಿಯೇಟರ್ ಕ್ಯಾಪಿನ ಮೇಲೆ ಟವೆಲ್ಲು ಹಾಕಿದಳು. ಬಿಸಿಯಲ್ಲಿ ತೆಗೆಯಬಾರದೆಂದು ಅವಳಿಗೂ ಗೊತ್ತು. ಅದಕ್ಕೇ ಕೈ ತಡೆದು, ವಾಪಸು ಬಂದು, ಕೀ ತಿರುಗಿಸಿ ಮುಳ್ಳು ನೋಡಿದಳು. "ತಣ್ಣಗದೆ ಬುಡಣ್ಣ, ಎದ್ದೇ ಇಲ್ಲ."

ಮುಟ್ಟಬೇಡ ಎಂದರೆ ಯಾಕೆ ಎನ್ನುತ್ತಾಳೆ. ಅದಕ್ಕೆ ಹೇಳಲು ನಾನು ಒಂದು ಸುಳ್ಳು ಹುಡುಕುತ್ತಿದ್ದೆ. ಸಿಗುವ ಮೊದಲೇ ಕ್ಯಾಪು ತಿರುಗಿತು. ಕುದಿನೀರು ಅವಳೆತ್ತರಕ್ಕೆ ಚಿಮ್ಮಿತು.

ಆಸ್ಪತ್ರೆಗೆ ಸೇರಿಸಿದವನು ನಾನೇ. ಮರುದಿನ ಯಾರೂ ಇಲ್ಲದಾಗ ವೈರನ್ನು ಮತ್ತೆ ಸಿಕ್ಕಿಸಿದವನೂ ನಾನೇ. ವರ್ಷಗಳಾದವು. "ಅಣ್ಣ ಇಲ್ದಿದ್ರೆ ಅವತ್ತು ನಾನ್ ಉಳೀತಿರ್ನಿಲ್ಲ ಕಣಮ್ಮ," ಎಂದು ಅವಳು ಸಂತೆಯಲ್ಲಿ ಕಂಡವರಿಗೆಲ್ಲ ಹೇಳುತ್ತಾಳೆ. ಆಗ ನನಗೆ ಹೆದರಿಕೆ — ನಾಗ ಬಾಯಿ ಬಿಟ್ಟರೆ? ಅವಳಿಗೇ ಒಂದು ದಿನ ಹೊಳೆದುಬಿಟ್ಟರೆ? ಈ ಬರಹವನ್ನು ಅವಳು ಓದುವ ಮೊದಲು ದುದ್ದಕ್ಕೆ ಹೋಗಿ ಹೇಳಬೇಕು. ಹೇಳುತ್ತೇನೆ. ಹೆದರಿಕೆ ಹೋಗಲಿ ಎಂದು ಕಾಯುವುದಿಲ್ಲ, ಅದು ಹೋಗುವುದಿಲ್ಲ.

ನೀವು ಹೆಡ್ಡು ಬದಲಿಸಿದ ಗಾಡಿ ಕೊಳ್ಳುವುದಾದರೆ ಎಂಜಿನ್ ತಣ್ಣಗಿರುವಾಗಲೇ ಹೋಗಿ. ಮಾರುವವನು ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದರೆ ವಾಪಸು ಬನ್ನಿ. ನೀವೇ ಸ್ಟಾರ್ಟ್ ಮಾಡಿ, ಒಂದು ಟೀ ಕುಡಿಯುವಷ್ಟು ಹೊತ್ತು ಬಿಟ್ಟು ನೋಡಿ: ಮುಳ್ಳು ಸ್ವಲ್ಪವಾದರೂ ಏಳಬೇಕು. ಏಳದಿದ್ದರೆ ಸಂತೋಷಪಡಬೇಡಿ. ಎಂಜಿನ್ ಆರಿಸಿ, ಯಾವ ಮುಚ್ಚಳವನ್ನೂ ಮುಟ್ಟದೆ ದೂರ ನಿಂತು, ಇದರ ವೈರು ಎಲ್ಲಿದೆ ಎಂದು ಮಾರುವವನ ಮುಖ ನೋಡಿ ಕೇಳಿ.