ಕಹಿ ಕಳೆದ ಉಪ್ಪು

ಬೆಳಿಗ್ಗೆ ಗಂಜಿಗೆಂದು ಉಪ್ಪಿನ ಪೊಟ್ಟಣ ಒಡೆದೆ. ಮಳೆಗಾಲದಲ್ಲೂ ನೀರೊಡೆಯದ ಈ ಬಿಳಿ ಪುಡಿ ಕಂಡಾಗಲೆಲ್ಲ ನನಗೆ ಕಡಲತಡಿಯ ಊರು ಬೆಳಂಬಾರದ ಅಜ್ಜಿ, ಎಂದರೆ ನನ್ನ ಗಂಡನ ಅಜ್ಜಿ, ನೆನಪಾಗುತ್ತಾಳೆ. ಇವತ್ತಂತೂ ಜನವರಿ ಇಪ್ಪತ್ತಾರು. ತಪ್ಪಿಸಿಕೊಳ್ಳುವುದು ಹೇಗೆ ಹೇಳಿ?

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಆ ಮನೆಗೆ ಸೊಸೆಯಾಗಿ ಹೋದೆ. ಕಾರವಾರ ಪೇಟೆಯವಳು, ಮೀನು ತಿನ್ನಬಲ್ಲೆ, ಉಪ್ಪು ಹಾಕಿಡಲು ಅರಿಯೆ. ಆದರೂ ಎಲ್ಲ ಬಲ್ಲವಳಂತೆ ಓಡಾಡುತ್ತಿದ್ದೆ. ಮಳೆ ಹಿಡಿಯುವ ಮೊದಲು ಮೈದುನ ಒಂದು ಬುಟ್ಟಿ ಬಂಗಡೆ ತಂದ. ಮಳೆಗಾಲಕ್ಕೆಂದು ಉಪ್ಪು ಹಾಕಿಡುವಾಗ ಕೊನೆಯ ಸಾಲಿಗೆ ಉಪ್ಪು ಸಾಲಲಿಲ್ಲ. ಒಲೆಯ ಮೇಲಿನ ಹಲಗೆಯಲ್ಲಿ ಪುಟ್ಟ ಭರಣಿ, ಅದರಲ್ಲಿ ಎರಡು ಮುಷ್ಟಿ ಕಂದು ಉಪ್ಪು. ಸುರಿದೇಬಿಟ್ಟೆ. ಮಳೆಗಾಲದಲ್ಲಿ ಸುಟ್ಟು ತಿನ್ನುವಾಗ ಮೈದುನ ಮಾತ್ರ ಕಹಿ ಎಂದು ಗೊಣಗಿದ.

ಭರಣಿಯ ಕತೆಯನ್ನು ಗಂಡ ಹೇಳಿದ್ದು ಮುಂದಿನ ಜನವರಿ ಇಪ್ಪತ್ತೈದರಂದು. ಬ್ರಿಟಿಷರ ಕಾಲದಲ್ಲಿ ಊರವರು ಕಾನೂನು ಮುರಿದು ಸಮುದ್ರದ ನೀರು ಕಾಯಿಸಿ ಉಪ್ಪು ಮಾಡಿದಾಗ ಪೊಲೀಸರು ಮಡಕೆ ಒಡೆದರಂತೆ. ಪುಟ್ಟ ಹುಡುಗಿಯಾಗಿದ್ದ ಅಜ್ಜಿ ಲಂಗದಲ್ಲಿ ಕಟ್ಟಿಕೊಂಡು ಓಡಿ ಉಳಿಸಿದ ಉಪ್ಪು ಅದು. ಪ್ರತಿ ಗಣರಾಜ್ಯೋತ್ಸವಕ್ಕೆ ಮನೆಮಂದಿಯ ನಾಲಿಗೆಗೆ ಒಂದೊಂದು ಹರಳು.

ಬಂಗಡೆಗೆ ನಾನು ಸುರಿದದ್ದು ಅದನ್ನೇ! ಯಾರಿಗೂ ಹೇಳದೆ ಅಂಗಡಿಯ ಹರಳುಪ್ಪು ತಂದು ಭರಣಿಗೆ ತುಂಬಿದೆ. ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು, ಅದೇ ನನ್ನ ಧೈರ್ಯ.

ಮರುದಿನ ಶಾಲೆಯಲ್ಲಿ ಬಾವುಟ ಏರಿದ ಮೇಲೆ ಅಜ್ಜಿ ಎಲ್ಲರನ್ನೂ ಸಾಲಾಗಿ ಕೂರಿಸಿದಳು.

"ಆಗಸ್ಟಿಗ್ಯಾಕೆ ಕೊಡೂದಿಲ್ಲ ಅಜ್ಜಿ?" ಎಂದೆ, ಅಳುಕು ಮುಚ್ಚಿಕೊಳ್ಳಲು.

"ಅದು ಅವ್ರು ಹೋದ ದಿನ. ನಮ್ಮನೆ ಕಾರ್ಬಾರು ನಾವೇ ಹಿಡ್ದದ್ದು ಇವತ್ತು," ಎಂದು ಮೊದಲ ಹರಳನ್ನು ತಾನೇ ಬಾಯಿಗೆ ಹಾಕಿಕೊಂಡಳು. ನಾಲಿಗೆಯಲ್ಲಿ ಹೊರಳಿಸಿ ನೋಡಿದಳು. "ಕಹಿನೇ ಇಲ್ವಲ್ಲೇ ತಂಗಿ?"

"ಹಳೇದಾಯ್ತಲ್ಲ ಅಜ್ಜಿ, ಕಹಿ ಹೋಗಿರ್ಬೇಕು."

"ಹೌದಾಗಿರ್ಬೇಕು. ಅವ್ರ ಮೇಲಿನ ನನ್ನ ಸಿಟ್ಟೂ ಹಂಗೇ ಹೋತು," ಎಂದು ನಕ್ಕು, ನನ್ನ ನಾಲಿಗೆಗೂ ಒಂದು ಹರಳಿಟ್ಟಳು.

ಎಷ್ಟು ಸುಲಭವಾಗಿ ನಂಬಿದಳು! ಇನ್ನೆರಡು ವರ್ಷ ಬದುಕಿದ್ದಳು. ಎರಡೂ ಸಲ ಅಂಗಡಿ ಉಪ್ಪನ್ನೇ ಹಂಚಿದಳು. ಹೇಳಬೇಕಿತ್ತು, ಬೈಸಿಕೊಳ್ಳಬೇಕಿತ್ತು. ಹೇಳಲಿಲ್ಲ. ಉಪ್ಪು ತಿಂದವರು ನೀರು ಕುಡಿಯಲೇಬೇಕಂತೆ. ನಾನಿನ್ನೂ ಕುಡಿಯುತ್ತಲೇ ಇದ್ದೇನೆ.

ಇವತ್ತು ಗಂಜಿ ಉಂಡವಳೇ ಒಂದು ಚೊಂಬು ಸಮುದ್ರದ ನೀರು ತಂದು ಅಂಗಳದಲ್ಲಿ ಕಾಯಿಸಿದೆ. ಮಡಕೆ ಒಡೆಯಲು ಯಾರೂ ಬರಲಿಲ್ಲ. ತಳದಲ್ಲಿ ಉಳಿದದ್ದನ್ನು ಮಗಳು ನೆಕ್ಕಿ ಮುಖ ಕಿವಿಚಿದಳು.

"ಆಯಿ, ಕಹಿ!"

"ಅಜ್ಜಿ ಭರಣಿ ಉಪ್ಪೂ ಹೀಗೇ ಇತ್ತು," ಎಂದೆ. "ಅದನ್ನ ನಾನು ಎಂತ ಮಾಡ್ದೆ ಅಂತ ಹೇಳ್ತೆ, ಕೂತ್ಕೋ."