ಅಕ್ಕನ ತಣ್ಣನೆಯ ಗಾಳಿ

ನನ್ನ ಅಕ್ಕ ಬಾಯಿ ತೆರೆದರೆ ಮನೆಗೆ ಬೆಂಕಿ ಬಿದ್ದ ಹಾಗೆ. ಅಂಥವಳಿಗೆ ಚರ್ಮದ ಆಸ್ಪತ್ರೆಯವರು ಕೊಟ್ಟಿರುವ ಕೆಲಸ, ಜನರನ್ನು ತಣ್ಣಗಿಡುವುದು! ಡಾಕ್ಟರಮ್ಮ ಲೇಸರ್ ಬಿಡುವಾಗ ಚರ್ಮ ಸುಡದಿರಲೆಂದು ಪಕ್ಕದಲ್ಲೇ ನಿಂತು ಕೊಳವೆಯಿಂದ ಕೊರೆಯುವ ಗಾಳಿ ಬಿಡಬೇಕು. ಅಲ್ಲಿ ಬರುವವರಿಗೆಲ್ಲ ಅವಳು ಐಸಕ್ಕ. "ನಿಮ್ಮಕ್ಕಂಗೆ ಎಷ್ಟು ತಾಳ್ಮೆ ರೀ!" ಎಂದು ಅವರು ಹೊಗಳಿದಾಗಲೆಲ್ಲ ನಾನು ಹಲ್ಲು ಕಚ್ಚಿಕೊಂಡು ನಗುತ್ತೇನೆ. ಊರಿಗೆ ಉಪಕಾರಿ, ಮನೆಗೆ ಮಾರಿ.

ನನ್ನ ಎಡಗೆನ್ನೆಯ ಮೇಲೆ ಹುಟ್ಟಿನಿಂದಲೂ ಅಂಗೈ ಅಗಲದ ಕೆಂಪು ಮಚ್ಚೆ. ಬುದ್ಧಿ ಬಂದಾಗಿನಿಂದ ಆ ಕಡೆಗೇ ಕೂದಲು ಇಳಿಬಿಟ್ಟುಕೊಂಡು ಬದುಕಿದ್ದೇನೆ. ಲೇಸರಿನಿಂದ ಅದು ತಿಳಿಯಾಗುತ್ತದೆ ಎಂದು ಡಾಕ್ಟರಮ್ಮ ಹೇಳಿದ ದಿನ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅಕ್ಕ ಬಾಗಿಲು ಬಡಿದಳು. "ಅತ್ತಿದ್ದು ಸಾಕು ಬಾರೇ, ನೀರು ದಂಡ ಆಗ್ತಿದೆ!" ಪ್ರೀತಿ ಹೇಗೆ ಉಕ್ಕಿ ಹರಿಯುತ್ತಿತ್ತು, ನೋಡಿ.

ಕೊಳವೆಯ ಬಾಯಿ ಚರ್ಮದಿಂದ ನಾಲ್ಕು ಬೆರಳು ದೂರ ಇರಬೇಕು, ಗಾಳಿ ಒಂದೇ ಕಡೆ ನಿಲ್ಲಬಾರದು. ಶೀತ ಅತಿಯಾದರೆ ಅದೂ ಸುಡುತ್ತದೆ. ಹೊಸಬರಿಗೆ ಇದನ್ನು ಬೈದು ಬೈದು ಕಲಿಸಿದವಳೇ ಅಕ್ಕ. ಆದರೆ ನನ್ನ ಮೊದಲ ಲೇಸರಿನ ದಿನ ಮಲಗಿದ್ದವಳು ಒಡಹುಟ್ಟಿದ ತಂಗಿಯಲ್ಲವೇ? ನಮ್ಮವಳು ಎಂದು ಕೈ ಧಾರಾಳವಾಯಿತು. ಕೊಳವೆ ಕೆನ್ನೆಯ ಹತ್ತಿರ ಹತ್ತಿರ ಬಂತು.

"ಅಕ್ಕಾ, ಮರಗಟ್ತಿದೆ ಕಣೇ."

"ಸುಮ್ನೆ ಮಲ್ಕೊಳೇ. ನಿಂಗೆ ಉರೀನೇ ಗೊತ್ತಾಗಬಾರ್ದು."

ಗೊತ್ತಾಗಲಿಲ್ಲ. ಮರುದಿನ ಕನ್ನಡಿ ನೋಡಿದಾಗ ಗೊತ್ತಾಯಿತು: ಕೆನ್ನೆಯ ಮೇಲೆ ನೀರುಗುಳ್ಳೆಗಳು! ಲೇಸರ್ ಪಾಪ, ಏನೂ ಮಾಡಿರಲಿಲ್ಲ. ಸುಟ್ಟದ್ದು ಅಕ್ಕನ ಅಕ್ಕರೆ.

"ಇದು ಶೀತದ ಗುಳ್ಳೆ. ಯಾರು ಇಷ್ಟು ಹತ್ರ ಹಿಡಿದಿದ್ದು?" ಎಂದರು ಡಾಕ್ಟರಮ್ಮ.

"ನಾನೇ ಮೇಡಂ. ತಂಗಿಗೆ ನೋವಾಗಬಾರ್ದು ಅಂತ..." ದೇವರಿಗೂ ಎದುರುತ್ತರ ಕೊಡುವ ಹೆಂಗಸು ನೆಲ ನೋಡುತ್ತಿದ್ದಳು. ಗುಳ್ಳೆ ಮಾಯುವ ತನಕ ಲೇಸರ್ ಇಲ್ಲ ಎಂದಾಯಿತು. ಕಲೆ ಉಳಿಯುತ್ತದೋ ಇಲ್ಲವೋ, ಆಮೇಲೆ ನೋಡಬೇಕಂತೆ.

ಅಷ್ಟು ದಿನವೂ ಅಕ್ಕ ಮನೆಯಲ್ಲಿ ಕಿರುಚಲಿಲ್ಲ. ಅಮ್ಮ ಹೆದರಿ ಅವಳ ಹಣೆ ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

ಗುಳ್ಳೆ ಮಾಯಿತು, ಪುಣ್ಯಕ್ಕೆ ಕಲೆ ಉಳಿಯಲಿಲ್ಲ. ಮತ್ತೆ ಹೋದಾಗ ಅಕ್ಕ ಕೊಳವೆಯನ್ನು ಬೇರೆಯವಳ ಕೈಗೆ ಕೊಡಲು ಹೊರಟಳು.

"ನೀನೇ ಹಿಡಿ. ನಾನು ನಿನ್ನ ತಂಗಿ ಅನ್ನೋದನ್ನ ಮಾತ್ರ ಮರ್ತುಬಿಡು," ಎಂದೆ.

ಅವಳು ಕೊಳವೆಯನ್ನು ವಾಪಸು ತೆಗೆದುಕೊಂಡಳು. ಆಮೇಲೆ ಹೊರಗಿನವರಿಗೆ ಹೇಳುವಂತೆ, "ಕಣ್ಣು ಮುಚ್ಕೊಳ್ಳಿ. ಉರಿದ್ರೆ ಹೇಳಿ," ಎಂದಳು.

ಚುರ್ರೆಂದು ಉರಿಯಿತು. ಕೊಳವೆ ಈ ಸಲ ಹತ್ತಿರ ಬರಲಿಲ್ಲ. ನನ್ನ ಗದ್ದ ಹಿಡಿದಿದ್ದ ಅವಳ ಇನ್ನೊಂದು ಕೈಯ ಹೆಬ್ಬೆರಳು ಮಾತ್ರ ಮೆಲ್ಲಗೆ ಸವರುತ್ತಿತ್ತು.