ಒಕಾಯಾಮಾ ಸ್ಟೇಷನ್ನಿನಲ್ಲಿ ಉಳಿದವಳು

ಯಾನ್ಬುವಿನಲ್ಲಿ ರೈಲಿಲ್ಲ. ಕೆಂಪು ಸಮುದ್ರವಿದೆ, ಅದರ ಅರಬ್ ದಂಡೆಯುದ್ದಕ್ಕೂ ರಿಫೈನರಿಯ ಚಿಮಣಿಗಳಿವೆ, ಮೀನು ಮಾರುಕಟ್ಟೆಯಿದೆ, ನಮ್ಮ ಕರಾವಳಿಯವರೂ ಬೇಕಾದಷ್ಟು ಜನ ಇದ್ದಾರೆ. ರೈಲೊಂದಿಲ್ಲ. ಆದರೆ ರೈಲಿಲ್ಲದ ಊರಿನಲ್ಲಿ ಇರುವವರಿಗೆ ರೈಲಿನ ಬಗ್ಗೆ ಇರುವಷ್ಟು ಜ್ಞಾನ ರೈಲ್ವೆಯಲ್ಲಿ ಸಂಬಳ ತೆಗೆದುಕೊಳ್ಳುವವರಿಗೂ ಇರಲಾರದು. ಇದು ನಮ್ಮವರನ್ನು ನೋಡಿ ನಾನು ಕಂಡುಕೊಂಡ ಸತ್ಯ.

ನಮ್ಮವರು ಅಂದರೆ ನನ್ನ ಗಂಡ. ಪ್ಲಾಂಟಿನಲ್ಲಿ ಶಟ್‌ಡೌನ್ ಪ್ಲಾನರ್. ಕಾರ್ಖಾನೆಯನ್ನು ರಿಪೇರಿಗೆಂದು ನಿಲ್ಲಿಸಿದಾಗ ಯಾವ ಬೋಲ್ಟನ್ನು ಯಾರು ಯಾವಾಗ ಬಿಚ್ಚಬೇಕು, ಬಿಚ್ಚಿದ್ದನ್ನು ಎಲ್ಲಿಡಬೇಕು ಎಂದು ತಿಂಗಳುಗಟ್ಟಲೆ ಮೊದಲೇ ಗೊತ್ತುಮಾಡುವುದು ಅವರ ಕೆಲಸ. ಆ ಕೆಲಸ ಅವರೊಂದಿಗೆ ಮನೆಗೂ ಬರುತ್ತದೆ. ನಾನು ದೋಸೆಗೆ ಅಕ್ಕಿ ನೆನೆಹಾಕಿದರೆ, ಗ್ಯಾಸ್ ಮುಗಿದರೆ ಏನು ಗತಿಯೆಂದು ಅವರು ಆಗಲೇ ಯೋಚಿಸಿರುತ್ತಾರೆ. ಇಂಥವರ ಜೊತೆ ಬಾಳುವುದು ಕಷ್ಟವಲ್ಲ. ಕಷ್ಟವೇ ಇಲ್ಲದಿರುವುದು ಸ್ವಲ್ಪ ಕಷ್ಟ.

ಮಗಳು ಕಾಲೇಜಿಗೆಂದು ಊರಿಗೆ ಹೋದ ಮೇಲೆ, ಒಮ್ಮೆ ಜಪಾನ್ ನೋಡಿ ಬರುವ ಎಂಬ ಆಸೆ ನಮ್ಮಿಬ್ಬರಿಗೂ ಹುಟ್ಟಿತು. ಅದನ್ನು ಹುಟ್ಟಿಸಿದವರು ಮೊರಿತಾ ಎಂಬ ಜಪಾನಿ ಇಂಜಿನಿಯರು. ಯಂತ್ರವೊಂದನ್ನು ಕೂರಿಸಲು ಪ್ಲಾಂಟಿಗೆ ಬಂದಿದ್ದವರು ಒಂದು ಶುಕ್ರವಾರ ನಮ್ಮಲ್ಲಿ ಊಟಕ್ಕೆ ಬಂದರು. ನನ್ನ ನೀರುದೋಸೆಯನ್ನು ಬೆಳಕಿಗೆ ಹಿಡಿದು ನೋಡಿ, ತುಂಬ ಗೌರವದಿಂದ ತಿಂದರು. ಅವರು ಕೊಟ್ಟ ಸಲಹೆ ಸರಳವಾಗಿತ್ತು. ದೊಡ್ಡ ಊರುಗಳಲ್ಲಿ ಪೆಟ್ಟಿಗೆ ಎಳೆದುಕೊಂಡು ಅಲೆಯಬೇಡಿ, ನನ್ನೂರು ಒಕಾಯಾಮಾದಲ್ಲಿ ಇಳಿಯಿರಿ, ಸ್ಟೇಷನ್ನಿನ ಎದುರಿಗೇ ರೂಮು ಹಿಡಿಯಿರಿ, ಬೆಳಿಗ್ಗೆ ಒಂದೊಂದು ದಿಕ್ಕಿಗೆ ರೈಲು ಹತ್ತಿ ಹೋಗಿ ಸಂಜೆ ಮರಳಿ ಬನ್ನಿ ಎಂದರು. ಕೋಟೆ ಒಂದು ಕಡೆ, ಕಾಲುವೆಯ ಹಳೇ ಪೇಟೆ ಇನ್ನೊಂದು ಕಡೆ, ಸಮುದ್ರ ದಾಟಿದರೆ ಬೇರೆ ದ್ವೀಪ. ಎಲ್ಲಕ್ಕೂ ಅದೊಂದೇ ಬಾಗಿಲು.

ಒಂದೇ ಬಾಗಿಲಿನ ಯೋಜನೆ ಎಂದರೆ ನಮ್ಮವರಿಗೆ ಪ್ರಾಣ. ಅಂದಿನಿಂದ ಅವರು ಯಾನ್ಬುವಿನ ಸೋಫಾದಲ್ಲಿ ಕೂತೇ ಒಕಾಯಾಮಾದಿಂದ ರೈಲು ಬಿಡತೊಡಗಿದರು. ಸಮುದ್ರದಂಡೆಯಲ್ಲಿ ವಾಕಿಂಗ್ ಹೋದರೂ ಅದೇ ಮಾತು. ಯಾವ ಪ್ಲಾಟ್‌ಫಾರ್ಮ್, ಯಾವ ಡಬ್ಬಿ, ಬಲಗಡೆ ಕೂತರೆ ಏನು ಕಾಣುತ್ತದೆ. ಕೊನೆಗೆ ಅಸೆಂಬ್ಲಿ ಪಾಯಿಂಟನ್ನೂ ಗೊತ್ತುಮಾಡಿದರು. ಪ್ಲಾಂಟಿನಲ್ಲಿ ಸೈರನ್ ಕೂಗಿದರೆ ಎಲ್ಲರೂ ಹೋಗಿ ನಿಲ್ಲಬೇಕಾದ ಜಾಗಕ್ಕೆ ಆ ಹೆಸರು. ನಾವಿಬ್ಬರು ಅಕಸ್ಮಾತ್ ತಪ್ಪಿಸಿಕೊಂಡರೆ ಸ್ಟೇಷನ್ನಿನ ಪ್ರವಾಸಿ ಮಾಹಿತಿ ಕೌಂಟರಿನ ಎದುರು ನಿಲ್ಲಬೇಕು, ಅಲ್ಲಿಂದ ಕದಲಬಾರದು.

ಕೆಳಗಿನ ಮನೆಯ ಜುಲೇಖಾ ಇದನ್ನು ಕೇಳಿ ತುಂಬ ನಕ್ಕಳು. ಭಟ್ಕಳದವಳು, ಗಂಡನಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ. ಇಲ್ಲಿ ಹೆಂಗಸರೂ ಕಾರು ಓಡಿಸಬಹುದು ಎಂದಾದಾಗ ನಮ್ಮ ಕಟ್ಟಡದಲ್ಲಿ ಮೊದಲು ಲೈಸೆನ್ಸ್ ಮಾಡಿಸಿದವಳು. ನನಗೂ ಕಲಿ ಎಂದು ಎಷ್ಟೋ ಸಲ ಹೇಳಿದ್ದಳು. ನಾನು ಪ್ರತಿಸಲವೂ ಇವರನ್ನು ಕೇಳಿ ಹೇಳ್ತೇನೆ ಎಂದಿದ್ದೆ, ಕೇಳಿರಲಿಲ್ಲ. ಕೇಳಿದರೆ ಬೇಡ ಎನ್ನುತ್ತಿದ್ದರೆಂದಲ್ಲ. ಕೇಳುವ ಅಗತ್ಯವೇ ಬೀಳದ ಹಾಗೆ, ನನಗೆ ಹಸಿರುಮೆಣಸು ಬೇಕೆಂದು ಹೊಳೆಯುವ ಮೊದಲೇ ಕಾರು ಅಂಗಡಿಯೆದುರು ನಿಂತಿರುತ್ತಿತ್ತು.

"ಎಂತ ಮಾರಾಯ್ತಿ, ನೀನು ಹೋಗುವುದು ಜಪಾನಿಗಾ, ಗಂಡನ ಆಫೀಸಿಗಾ?" ಎಂದಳು ಜುಲೇಖಾ.

ಒಕಾಯಾಮಾ ತಲುಪಿದಾಗ ಎಲ್ಲವೂ ಸೋಫಾದಲ್ಲಿ ಕಂಡಂತೆಯೇ ಇತ್ತು, ಅದೇ ಸ್ವಲ್ಪ ಬೇಸರದ ಸಂಗತಿ. ಮರುದಿನ ಬೆಳಿಗ್ಗೆ ಹಿಮೇಜಿ ಕೋಟೆಗೆ ಹೊರಟೆವು. ಪ್ಲಾಟ್‌ಫಾರ್ಮಿನ ಅಂಗಡಿಯಲ್ಲಿ ಊಟದ ಪೆಟ್ಟಿಗೆಗಳನ್ನು ಜೋಡಿಸಿಟ್ಟಿದ್ದರು. ಅನ್ನದ ಮೇಲೆ ಮೀನು, ತರಕಾರಿಯ ತುಂಡುಗಳನ್ನು ರಂಗೋಲಿಯ ಹಾಗೆ ಇಟ್ಟದ್ದು ನೋಡುತ್ತ ನಾನು ನಿಂತೆ. ರೈಲು ಬಂತು, ನಮ್ಮವರು ಸೀಟು ಹಿಡಿಯಲು ಒಳಗೆ ಹೋದರು. ಬಾಗಿಲು ಮುಚ್ಚಿತು. ಜಪಾನಿನ ರೈಲು ಯಾರ ಹೆಂಡತಿಗೂ ಕಾಯುವುದಿಲ್ಲ. ಗಾಜಿನಾಚೆ ನಮ್ಮವರು ಎರಡೂ ಕೈ ಆಡಿಸಿ ಏನನ್ನೋ ವಿವರಿಸುತ್ತಿದ್ದರು. ಅಸೆಂಬ್ಲಿ ಪಾಯಿಂಟ್ ವಿಷಯವೇ ಇರಬೇಕು. ವಿವರಣೆ ಮುಗಿಯುವ ಮೊದಲೇ ರೈಲು ಹೋಯಿತು. ನನ್ನ ಫೋನು ಅವರ ಚೀಲದಲ್ಲಿ ಚಾರ್ಜ್ ಆಗುತ್ತಿತ್ತು. ನನ್ನ ಕೈಯಲ್ಲಿದ್ದದ್ದು ರೈಲಿನ ಪಾಸು ಮತ್ತು ಪರ್ಸು.

ನಗಬೇಡಿ. ಇಷ್ಟು ವಯಸ್ಸಾದರೂ ಗುರುತು ಪರಿಚಯವಿಲ್ಲದ ಜಾಗದಲ್ಲಿ ಒಬ್ಬಳೇ ನಿಂತವಳಲ್ಲ ನಾನು. ಕೌಂಟರ್ ಹುಡುಕಿ, ಅದರೆದುರು ನಿಂತೆ, ಕದಲಲಿಲ್ಲ. ತುಂಬ ಹೊತ್ತಿನ ಮೇಲೆ ಕೌಂಟರಿನ ಹುಡುಗಿ ತಾನೇ ಎದ್ದು ಬಂದು, ಬಿಡಿಬಿಡಿ ಇಂಗ್ಲಿಷಿನಲ್ಲಿ ಕೇಳಿದಳು:

"ನಿಮಗೆ ಎಲ್ಲಿಗೆ ಹೋಗಬೇಕು?"

ಆ ಮಾತಿಗೆ ಯಾಕೆ ಕಣ್ಣು ತುಂಬಿತೋ ಗೊತ್ತಿಲ್ಲ. ಅವಳ ಕೆಲಸವೇ ಅದು, ದಿನಕ್ಕೆ ಎಷ್ಟು ಜನರನ್ನು ಹಾಗೆ ಕೇಳುತ್ತಾಳೋ. ಹಿಮೇಜಿ ಎನ್ನಬಹುದಿತ್ತು, ಅದು ನಮ್ಮವರ ಉತ್ತರ. ನನ್ನ ಬಾಯಿಂದ ಬಂದದ್ದು ಸಮುದ್ರ ಎಂಬ ಒಂದೇ ಪದ. ಚಿಮಣಿಗಳಿಲ್ಲದ ಸಮುದ್ರ ನೋಡಿ ಬಹಳ ಕಾಲವಾಗಿತ್ತು. ಅವಳು ಊನೊ ಎಂಬ ಬಂದರಿನ ದಾರಿ ತೋರಿಸಿ, ಚಾಯಾಮಾಚಿಯಲ್ಲಿ ರೈಲು ಬದಲಿಸಬೇಕು ಎಂದಳು. ನಾನು ನಮ್ಮವರ ಚಹರೆ ವಿವರಿಸಿದೆ: ಕನ್ನಡಕ, ನೀಲಿ ಚೀಲ, ಮುಖದಲ್ಲಿ ಗಾಬರಿ. ಅವರು ಬಂದರೆ, ನಾನು ಸಂಜೆಯೊಳಗೆ ಬರುತ್ತೇನೆಂದು ಹೇಳಿ ಎಂದೆ. ಅವಳು ತಲೆಬಾಗಿದಳು. ನಾನೂ ಬಾಗಿ, ನನ್ನ ಧೈರ್ಯ ಉಡುಗುವ ಮೊದಲು ರೈಲಿನತ್ತ ಓಡಿದೆ.

ಚಾಯಾಮಾಚಿಯಲ್ಲಿ ನಾನು ದಿಕ್ಕು ತೋಚದೆ ನಿಂತಾಗ ಅಜ್ಜಿಯೊಬ್ಬರು ನನ್ನ ತೋಳು ಹಿಡಿದು ಇನ್ನೊಂದು ರೈಲಿನಲ್ಲಿ ಕೂರಿಸಿದರು. ಊನೊ ಸಣ್ಣ ಊರು. ಸಮುದ್ರ ಕೆರೆಯ ಹಾಗೆ ಸುಮ್ಮನಿತ್ತು, ಮೇಲೆ ಹಸಿರು ದ್ವೀಪಗಳು, ನಡುವೆ ಓಡಾಡುವ ಫೆರ್ರಿಗಳು. ಒಂದು ಕಡೆ ಹಡಗು ಕಟ್ಟುವ ಕಾರ್ಖಾನೆಯ ಕ್ರೇನು ಕೂಡ ಕಾಣಿಸಿತು. ನನ್ನ ಹಣೆಬರಹ, ಕಾರ್ಖಾನೆ ನನ್ನನ್ನು ಬಿಡುವುದಿಲ್ಲ. ಅಂಗಡಿಯೊಂದರಲ್ಲಿ ಅನ್ನದ ಉಂಡೆ ಕೊಂಡು, ಕಟ್ಟೆಯ ಮೇಲೆ ಕೂತು ತಿಂದೆ. ಬೇರೇನೂ ಮಾಡಲಿಲ್ಲ. ಮುಂದೇನು ಎಂದು ಯಾರೂ ಹೇಳಲಿಲ್ಲ. ಹಾಗಾಗಿ ಮುಂದೇನೂ ಇರಲಿಲ್ಲ. ಮತ್ತೆ ಮತ್ತೆ ಬರುವ ಫೆರ್ರಿಯನ್ನು ನೋಡುತ್ತ ಕೂತಿದ್ದವಳು, ಗಂಡ ಎಂಬವರೊಬ್ಬರಿದ್ದಾರೆಂದು ನೆನಪಾದಾಗ ಗಡಬಡಿಸಿ ಎದ್ದೆ.

ವಾಪಸು ಬರುವಾಗ ರೈಲಿನಲ್ಲಿ ನೆಪಗಳನ್ನು ಹೊಂದಿಸುತ್ತಿದ್ದೆ. ನಮ್ಮವರಿಗೆ ಸಿಟ್ಟು ಬರುವುದು ಅಪರೂಪ. ಆದರೆ ಅಸೆಂಬ್ಲಿ ಪಾಯಿಂಟ್ ಬಿಟ್ಟು ಹೋದವರನ್ನು ಅವರು ಪ್ಲಾಂಟಿನಲ್ಲಿ ಕ್ಷಮಿಸಿದ್ದಿಲ್ಲ. ಅವರು ಕೌಂಟರಿನ ಎದುರಿನ ಬೆಂಚಿನಲ್ಲಿ, ತೊಡೆಯ ಮೇಲೆ ನನ್ನ ಫೋನು ಇಟ್ಟುಕೊಂಡು ಕೂತಿದ್ದರು. ಕೋಟೆಯನ್ನು ಹಿಮೇಜಿಯ ಪ್ಲಾಟ್‌ಫಾರ್ಮಿನಿಂದಲೇ ಕಂಡು, ಮುಂದಿನ ರೈಲಿಗೆ ಮರಳಿದ್ದರಂತೆ. ಕೌಂಟರಿನ ಹುಡುಗಿ ಅವರಿಗೆ ಊನೊದ ನಕಾಶೆಯನ್ನು ಹಲವು ಸಲ ವಿವರಿಸಿ ಸಮಾಧಾನ ಮಾಡಿದ್ದಳಂತೆ.

"ಹೆದರಿದ್ಯಾ?" ಎಂದು ಕೇಳಿದರು.

"ಮೊದಲು ಹೆದರಿದೆ. ಮತ್ತೆ ಮರ್ತೇ ಹೋಯ್ತು."

ಅವರು ನನ್ನ ಫೋನನ್ನು ನನ್ನ ಕೈಗಿಟ್ಟರು. "ನಾನು ಮಾತ್ರ ಇಷ್ಟು ಹೊತ್ತೂ ಹೆದರಿಕೊಂಡೇ ಇದ್ದೆ," ಎಂದರು. ಆಮೇಲೆ, ಅಲ್ಲಿ ಎಂತ ಉಂಟು ಎಂದು ಕೇಳಿದರು. ಏನೂ ಇಲ್ಲ, ಸಮುದ್ರ ಉಂಟು ಎಂದೆ.

"ನಾಳೆ ನನ್ನನ್ನೂ ಕರ್ಕೊಂಡು ಹೋಗ್ತೀಯಾ?"

ಕರೆದುಕೊಂಡು ಹೋದೆ. ಚಾಯಾಮಾಚಿಯಲ್ಲಿ ಯಾವ ಪ್ಲಾಟ್‌ಫಾರ್ಮ್ ಎಂದು ಅವರಿಗೆ ಗೊತ್ತಿತ್ತು. ಹೇಳದೆ ಇರಲು ಅವರು ಪಟ್ಟ ಪಾಡು ನೋಡಲಾಗದೆ, ನೀವೇ ಹೇಳಿ ಮಾರಾಯ್ರೆ ಎಂದುಬಿಟ್ಟೆ.

ಯಾನ್ಬುವಿಗೆ ಮರಳಿದ ಮೇಲೆ ಎಲ್ಲರದ್ದೂ ಒಂದೇ ಪ್ರಶ್ನೆ. ಟೋಕಿಯೋ ನೋಡಿದ್ರಾ? ಇಲ್ಲ. ಫ್ಯೂಜಿ ಬೆಟ್ಟ? ಇಲ್ಲ. ಮತ್ತೆ ಎಂತ ನೋಡಿದ್ದು? ಒಂದು ಸ್ಟೇಷನ್ನು ಎಂದರೆ ಅಯ್ಯೋ ಪಾಪ ಎನ್ನುತ್ತಾರೆ. ಪಾಪ ಎನ್ನುವವರಿಗೆ ನಾವಿರುವ ಊರಿನ ಚರಿತ್ರೆ ಗೊತ್ತಿಲ್ಲ. ಯಾನ್ಬುವೂ ಇಂಥದ್ದೇ ಅಲ್ಲವೇ? ಹಿಂದಿನ ಕಾಲದಲ್ಲಿ ಮದೀನಾಕ್ಕೆ ಹೋಗುವ ಯಾತ್ರಿಕರು ಹಡಗಿನಿಂದ ಇಲ್ಲಿ ಇಳಿದು, ಒಂಟೆ ಹತ್ತಿ ಮುಂದೆ ಹೋಗುತ್ತಿದ್ದರು. ಯಾನ್ಬು ನೋಡಲೆಂದೇ ಬಂದವರು ಎಷ್ಟು ಮಂದಿಯೋ. ಆದರೂ ಹಳೇ ಪೇಟೆಯ ಹವಳದ ಕಲ್ಲಿನ ಮನೆಗಳಲ್ಲಿ ಜನ ಹುಟ್ಟಿದರು, ಮದುವೆಯಾದರು, ಜಗಳವಾಡಿದರು. ಹೆಬ್ಬಾಗಿಲಿನಲ್ಲೂ ಜನ ಸಂಸಾರ ಮಾಡುತ್ತಾರೆ.

ನಾನು ಡ್ರೈವಿಂಗ್ ಶಾಲೆಗೆ ಸೇರಿದೆ. ಈ ಸಲ ಯಾರನ್ನೂ ಕೇಳಲಿಲ್ಲ, ಹೇಳಿದೆ. ನಮ್ಮವರು ತಲೆಯಾಡಿಸಿ, ಟೈರಿನ ಗಾಳಿಯ ಬಗ್ಗೆ ಒಂದು ಉಪನ್ಯಾಸ ಕೊಟ್ಟರು. ಲೈಸೆನ್ಸ್ ಬಂದ ವಾರ ಉತ್ತರಕ್ಕಿರುವ ಉಮ್ಲುಜ್ ಎಂಬ ಊರಿನ ದಾರಿ ಹಿಡಿದೆವು. ಮೊದಲರ್ಧ ದಾರಿ ಅವರು ಪಕ್ಕದ ಸೀಟಿನಲ್ಲಿ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇದ್ದರು. ಆಮೇಲೆ ಕಾಲು ಸೋತಿತೋ, ನಂಬಿಕೆ ಬಂತೋ, ಕಿಟಕಿಯ ಕಡೆ ತಿರುಗಿದರು.

"ಇಲ್ಲಿ ಇಷ್ಟು ಒಂಟೆ ಉಂಟಾ?" ಎಂದರು. "ಆಚೆ ಗುಡ್ಡಗಳೂ ಎಷ್ಟು ಚಂದ ಉಂಟು ನೋಡು."

ನೋಡಲು ನನಗೆ ಪುರುಸೊತ್ತಿರಲಿಲ್ಲ. ಎದುರಿಗೊಂದು ದೊಡ್ಡ ಟ್ಯಾಂಕರ್ ಇತ್ತು. ಆ ಒಂಟೆಗಳನ್ನೂ ಗುಡ್ಡಗಳನ್ನೂ ನಾನು ವರ್ಷಗಳಿಂದ ಬಲ್ಲೆ. ಅದೇ ದಾರಿಯಲ್ಲಿ ಅಷ್ಟು ಸಲ ನನ್ನನ್ನು ಕೂರಿಸಿಕೊಂಡು ಹೋದವರಿಗೆ ಕಂಡದ್ದು ಮುಂದಿನ ಗಾಡಿಯ ಬೆನ್ನು ಮಾತ್ರ. ಯಾರು ಯಾರನ್ನು ಊರು ತೋರಿಸಲು ಕರೆದೊಯ್ದರೋ, ಈಗ ಹೇಳುವುದು ಕಷ್ಟ. ನಾನು ಸ್ವಲ್ಪ ನಿಧಾನ ಮಾಡಿದೆ. ಅವರು ನೋಡಲಿ.